ಸನದಿಲ್ಲದ ಹಾಡು, ಸನದಿಲ್ಲದ ಸುದ್ದಿ



ಹೋದ ತಿಂಗಳ ಎರಡು ಜುಮಾ ಖುತ್ಬಾಗಳಲ್ಲಿ ನಾವು ಮೊಬೈಲ್ ಸ್ಟೇಟಸ್ ಬಗ್ಗೆ ಮಾತಾಡಿದ್ದೆವು. ಅದಾದ ಮೇಲೆ ಒಬ್ಬ ತಾಯಿ ತಮ್ಮ ಚಿಕ್ಕ ಮಗನ ಕೈಯಲ್ಲಿ ಪ್ರಶ್ನೆ ಕಳಿಸಿದರು. "ಮೌಲಾನಾ, ನನ್ನ ದೊಡ್ಡ ಹುಡುಗ ಬರೇ ಹಾಡು ಹಾಕ್ತಾನ. ಬೈಗುಳ ಹಾಕೂದಿಲ್ಲ, ಯಾರ ಫೋಟೊನೂ ಹಾಕೂದಿಲ್ಲ. ಹಾಡಿನ್ಯಾಗ ಏನ ತಪ್ಪೈತಿ?" ಪ್ರಶ್ನೆ ನ್ಯಾಯವಾದದ್ದು. ಮಿಂಬರ್ ಮೇಲಿನ ಹದಿನೈದು ನಿಮಿಷದಲ್ಲಿ ಅದಕ್ಕೆ ಉತ್ತರ ಹೇಳಲು ಆಗುವುದಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ.

ಮೊದಲೇ ಒಂದು ಮಾತು. ಸಂಗೀತ ಹಲಾಲೋ ಹರಾಮೋ ಎಂಬ ಚರ್ಚೆಯನ್ನು ನಾವಿಲ್ಲಿ ಎತ್ತಿಕೊಳ್ಳುತ್ತಿಲ್ಲ. ವಾದ್ಯಗಳ ವಿಷಯದಲ್ಲಿ ಉಲಮಾಗಳ ನಡುವೆ ಮೊದಲಿನಿಂದಲೂ ಭಿನ್ನಾಭಿಪ್ರಾಯವಿದೆ. ಈದ್ ದಿನ ಹಝ್ರತ್ ಆಯಿಶಾ(ರ)ರ ಮನೆಯಲ್ಲಿ ಇಬ್ಬರು ಹುಡುಗಿಯರು ಹಾಡುತ್ತಿದ್ದಾಗ ಪ್ರವಾದಿವರ್ಯರು(ಸ) ಅವರನ್ನು ತಡೆಯಲಿಲ್ಲ ಎಂಬುದು ಸಹೀಹ್ ಬುಖಾರಿಯಲ್ಲೇ ಇದೆ. ಆ ಚರ್ಚೆಗೆ ಬೇರೆ ಜಾಗವಿದೆ. ಇಲ್ಲಿ ನಾವು ಕೇಳುವುದು ಇಷ್ಟೇ: ಫೋನಿನೊಳಗೆ ಹೋದ ಹಾಡಿಗೆ ಏನಾಯಿತು? ಅದೇ ದಾರಿಯಲ್ಲಿ ಹೋದ ಮಾತಿಗೆ ಏನಾಯಿತು?

ನಾವು ಚಿಕ್ಕವರಿದ್ದಾಗ ಕೃಷ್ಣಾ ದಂಡೆಯ ಅಜ್ಜಿಯ ಊರಿಗೆ ಮೊಹರಮ್ಮಿಗೆ ಹೋಗುತ್ತಿದ್ದೆವು. ಊರಲ್ಲಿ ನಮ್ಮವರ ಮನೆಗಳು ಬೆರಳೆಣಿಕೆಯಷ್ಟು. ಆದರೆ ಹಬ್ಬ ಇಡೀ ಊರಿನದು. ಉತ್ತರ ಕರ್ನಾಟಕದಲ್ಲಿ ಒಂದೂ ಮುಸ್ಲಿಂ ಮನೆಯಿಲ್ಲದ ಹಳ್ಳಿಗಳಲ್ಲಿ ಕೂಡ ಮೊಹರಂ ನಡೆಯುತ್ತದೆ; ರಹಮತ್ ತರೀಕೆರೆ ಅವರು 'ಕರ್ನಾಟಕದ ಮೊಹರಂ' ಎಂದು ಪುಸ್ತಕವನ್ನೇ ಬರೆದಿದ್ದಾರೆ. ಅಲಾವಿ ಕುಣಿ, ಪಂಜಾ, ಹೆಜ್ಜೆ ಮೇಳ ಇವುಗಳ ಬಗ್ಗೆ ಉಲಮಾಗಳಿಗೆ ತಕರಾರಿದೆ, ನಮಗೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆದರೂ ಆ ರಾತ್ರಿಗಳಲ್ಲಿ ಕೇಳಿದ ರಿವಾಯತ್ ಪದಗಳನ್ನು ನಾವು ಮರೆತಿಲ್ಲ. ಕರ್ಬಲಾದ ಕಥೆ ನಮಗೆ ಮೊದಲು ತಿಳಿದದ್ದು ಮದರಸಾದಲ್ಲಲ್ಲ. ಹಲಗಿಯ ಪೆಟ್ಟಿಗೆ ಹೆಜ್ಜೆ ಹಾಕುತ್ತ ಹಾಡುತ್ತಿದ್ದ ಒಕ್ಕಲಿಗರ ಬಾಯಿಂದ, ಅಚ್ಚ ಕನ್ನಡದಲ್ಲಿ ತಿಳಿಯಿತು.

ಆ ಪದಗಳಲ್ಲಿ ಒಂದು ರೂಢಿ ಇತ್ತು. ಆಗ ನಾವು ಅದನ್ನು ಗಮನಿಸಿರಲಿಲ್ಲ, ಈಗ ಅದೇ ನೆನಪಾಗುತ್ತದೆ. ಕೊನೆಯ ನುಡಿಯಲ್ಲಿ ಹಾಡುಗಾರ ತನ್ನ ಊರಿನ ಹೆಸರು ಹೇಳುತ್ತಾನೆ, ಪದ ಕಟ್ಟಿದ ಕವಿಯ ಹೆಸರು ಹೇಳುತ್ತಾನೆ, ಆ ಕವಿಯ ಗುರುವನ್ನು ನೆನೆಯುತ್ತಾನೆ. ಲಾವಣಿ, ಗೀಗಿ ಪದಗಳಲ್ಲೂ ಇದೇ ಕ್ರಮ. ಶಿಶುನಾಳ ಶರೀಫ ಸಾಹೇಬರು (1819–1889) ತತ್ವಪದಗಳ ಜೊತೆಗೆ ಮೊಹರಂ ಮೇಳಗಳಿಗೂ ಪದ ಕಟ್ಟಿಕೊಟ್ಟವರು. ಅವರ ಅಂಕಿತದಲ್ಲಿಯೇ ಅವರ ಊರು ಇದೆ. ಯಾರು ಹೇಳಿದರು, ಎಲ್ಲಿಯವರು, ಯಾರಿಂದ ಕಲಿತರು ಎಂಬ ವಿವರ ಹಾಡಿನೊಳಗೇ ಕೂತಿರುತ್ತದೆ. ಹಾಡು ಹತ್ತು ಊರು ದಾಟಿದರೂ ಆ ವಿಳಾಸ ಬಿಟ್ಟುಹೋಗುವುದಿಲ್ಲ. ಇನ್ನೊಂದು ಊರಿನ ಮೇಳದವರು ಅದನ್ನು ಒಪ್ಪದಿದ್ದರೆ ಸವಾಲು ಹಾಕುತ್ತಿದ್ದರು, ಇವರು ಅಲ್ಲೇ ನಿಂತು ಜವಾಬು ಕೊಡಬೇಕಿತ್ತು. ಹಾಡಿದವನು ಹಾಡಿ ಓಡಿಹೋಗುವಂತಿರಲಿಲ್ಲ.

ಯಂತ್ರ ಬಂದಾಗಲೂ ಈ ರೂಢಿ ಒಮ್ಮೆಲೇ ಸಾಯಲಿಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಯವರು ಗೌಹರ್ ಜಾನ್ ಎಂಬ ಗಾಯಕಿಯ ಹಾಡುಗಳನ್ನು ಮುದ್ರಿಸಿಕೊಂಡರು. ಆಕೆ ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದರು. ತಟ್ಟೆಗಳನ್ನು ಒತ್ತುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಇದು ಯಾರ ಹಾಡು, ಯಾವ ಚೀಟಿ ಅಂಟಿಸಬೇಕು ಎಂದು ತಿಳಿಯಲಿ ಎಂಬ ಕಾರಣಕ್ಕೆ. (ಈ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.) ನಮ್ಮ ಕಾಗವಾಡದ ಗಡಿ ದಾಟಿದರೆ ಮೀರಜ. ಅಲ್ಲಿಯ ಮೀರಾ ಸಾಹೇಬ ದರ್ಗಾದ ಆವರಣದಲ್ಲಿ ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರ ಸಮಾಧಿ ಇದೆ. 1937ರಲ್ಲಿ ತೀರಿಕೊಂಡ ಅವರ ದನಿ ಇಂದಿಗೂ ಉಳಿದಿರುವುದು ಗ್ರಾಮಫೋನ್ ತಟ್ಟೆಗಳಿಂದ. ತಾಸುಗಟ್ಟಲೆ ಹಾಡಬಲ್ಲ ಮನುಷ್ಯ ತಟ್ಟೆಯ ಒಂದು ಬದಿಗೆ ಮೂರೂವರೆ ನಿಮಿಷಕ್ಕೆ ಮುಗಿಸಬೇಕಿತ್ತು. ಹಾಗಾಗಿ ಯಂತ್ರ ಹಾಡನ್ನು ಕತ್ತರಿಸುವುದು ಇಂದಿನ ಕಥೆಯಲ್ಲ. ಆದರೆ ತಟ್ಟೆಯ ಮೇಲೆ ಹೆಸರಿತ್ತು.

ಕ್ಯಾಸೆಟ್ ಕಾಲ ನಮ್ಮ ವಯಸ್ಸಿನವರೆಲ್ಲ ಕಂಡದ್ದೇ. ಸಂತೆಯಲ್ಲಿ ಟೇಪ್ ರೆಕಾರ್ಡರ್ ಇಟ್ಟು ಭಜನೆ, ಕವ್ವಾಲಿ, ದೊಡ್ಡಾಟ, ತಕರೀರು ಎಲ್ಲವನ್ನೂ ಒಂದೇ ಅಂಗಡಿಯಲ್ಲಿ ಮಾರುತ್ತಿದ್ದರು. ಕಳ್ಳ ಕ್ಯಾಸೆಟ್ಟುಗಳೂ ಇದ್ದವು. ದ್ವೇಷದ ಭಾಷಣಗಳೂ 1990ರ ಆಸುಪಾಸಿನಲ್ಲಿ ಕ್ಯಾಸೆಟ್ಟಿನಲ್ಲೇ ಊರೂರು ತಿರುಗಿದವು. ಹಳೆಯದೆಲ್ಲ ಒಳ್ಳೆಯದಿತ್ತು ಎಂದು ನಾವು ಹೇಳುತ್ತಿಲ್ಲ. ಆದರೆ ದುಡ್ಡು ಕೊಟ್ಟು ಕೊಳ್ಳಬೇಕಿತ್ತು, ಕೂತು ಕೇಳಬೇಕಿತ್ತು.

2016ರ ಸೆಪ್ಟೆಂಬರ್ 5ಕ್ಕೆ ಜಿಯೊ ಬಂತು. ಮುಂದಿನ ವರ್ಷದ ಮಾರ್ಚ್ ಮುಗಿಯುವತನಕ ಇಂಟರ್ನೆಟ್ ಪುಕ್ಕಟೆ. ಕಬ್ಬಿನ ಗದ್ದೆಯಲ್ಲಿ, ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ, ಅಥಣಿಯ ಚಪ್ಪಲಿ ಹೊಲಿಯುವ ಮನೆಗಳಲ್ಲಿ ಎಲ್ಲರ ಕೈಗೂ ವೀಡಿಯೊ ಬಂದದ್ದು ಆ ಚಳಿಗಾಲದಲ್ಲಿ. 2017ರ ಫೆಬ್ರವರಿಯಲ್ಲಿ ವಾಟ್ಸ್ಆ್ಯಪ್ ಈಗಿನ ರೂಪದ ಸ್ಟೇಟಸ್ ಆರಂಭಿಸಿತು. ಚಿತ್ರ ಅಥವಾ ವೀಡಿಯೊ ಹಾಕಿದರೆ 24 ತಾಸಿಗೆ ತಾನಾಗಿ ಅಳಿಯುತ್ತದೆ. ಬಹುಕಾಲ ಒಂದು ತುಂಡಿಗೆ 30 ಸೆಕೆಂಡಿನ ಮಿತಿ ಇತ್ತು. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು. ಹತ್ತೇ ದಿನಗಳಲ್ಲಿ ಇನ್‌ಸ್ಟಾಗ್ರಾಂ ನಮ್ಮ ದೇಶದಲ್ಲಿ ರೀಲ್ಸ್ ತೆರೆಯಿತು.

ಇದರಿಂದ ಆದ ಒಳ್ಳೆಯದನ್ನು ಮೊದಲು ಹೇಳಬೇಕು, ಇಲ್ಲದಿದ್ದರೆ ನ್ಯಾಯವಾಗುವುದಿಲ್ಲ. ರಾಯಬಾಗ ತಾಲೂಕಿನ ನಿಪನಾಳದ ಮಾಳು ನಿಪನಾಳ ಅವರ ಹೆಸರು ಕೇಳದ ಹುಡುಗರು ನಮ್ಮ ಕಡೆ ಇಲ್ಲ. ಅವರ 'ನಾ ಡ್ರೈವರ' ಹಾಡನ್ನು ಜನ ಯೂಟ್ಯೂಬಿನಲ್ಲಿ ಕೋಟಿಗಟ್ಟಲೆ ಸಲ ನೋಡಿದ್ದಾರೆ. ಅದರ ಸಾಹಿತ್ಯ ನಮ್ಮ ಮಕ್ಕಳು ಬಾಯಿಪಾಠ ಮಾಡಲಿ ಎಂಬುದು ನಮ್ಮ ಆಸೆಯಲ್ಲ, ಅದು ಬೇರೆ ಮಾತು. ಆದರೆ ಇಪ್ಪತ್ತೈದು ವರ್ಷದ ಹಿಂದಾದರೆ ಒಂದು ಹಳ್ಳಿಯ ಹುಡುಗ ನಮ್ಮ ಈ ಗಡಿಯ ಕನ್ನಡದಲ್ಲಿ ಹಾಡಿ ಬೆಂಗಳೂರಿಗೆ ಕೇಳಿಸಲು ಎಷ್ಟು ಬಾಗಿಲು ಬಡಿಯಬೇಕಿತ್ತು? ಈಗ ಒಂದು ಸಣ್ಣ ಸ್ಟುಡಿಯೊ, ಒಂದು ಚಾನೆಲ್ ಸಾಕು. ಇನ್ನೊಂದನ್ನೂ ನೋಡಿ. ಮಾಳು ನಿಪನಾಳ, ಬಾಳು ಬೆಳಗುಂದಿ ಎಂದು ಈ ಜಾನಪದ ಹಾಡುಗಾರರು ಊರನ್ನು ಹೆಸರಿಗೆ ಕಟ್ಟಿಕೊಂಡೇ ತಿರುಗುತ್ತಾರೆ. ಹಳೆಯ ಮೇಳದವರ ರೂಢಿಯನ್ನು ಅವರು ಬಿಟ್ಟಿಲ್ಲ.

ಬಿಟ್ಟದ್ದು ಸ್ಟೇಟಸ್. ಸಣ್ಣ ತುಂಡು ಕತ್ತರಿಸುವವರು ಯಾವ ಭಾಗ ಕತ್ತರಿಸುತ್ತಾರೆ? ಏರುದನಿಯ ಪಲ್ಲವಿ, ಡ್ರಮ್ಮಿನ ಪೆಟ್ಟು ಬೀಳುವ ಜಾಗ. ಕೊನೆಯ ನುಡಿ ಯಾರಿಗೂ ಬೇಡ. ಊರು ಹೋಯಿತು, ಕವಿ ಹೋದ, ಗುರು ಹೋದ. ಆಮೇಲೆ ಆ ತುಂಡು 'ಆಡಿಯೊ' ಆಗುತ್ತದೆ. ಯಾರು ಬೇಕಾದರೂ ಅದರ ಮೇಲೆ ತಮ್ಮ ಚಿತ್ರ ಅಂಟಿಸಬಹುದು. ಇದೇ ಪದವನ್ನು ಒಬ್ಬ ತಾಯಿಯ ಫೋಟೊಗೆ ಹಾಕುತ್ತಾನೆ, ಇನ್ನೊಬ್ಬ ಹೊಸ ಟ್ರ್ಯಾಕ್ಟರಿಗೆ ಹಾಕುತ್ತಾನೆ, ಮತ್ತೊಬ್ಬ ಕತ್ತಿ ಹಿಡಿದ ಚಿತ್ರಕ್ಕೆ ಹಾಕುತ್ತಾನೆ. ಹಾಡಿನ ಅರ್ಥ ಹಾಡಿನಲ್ಲಿ ಉಳಿಯಲಿಲ್ಲ, ಯಾವ ಚಿತ್ರದ ಕೆಳಗೆ ನುಡಿಯುತ್ತದೆಯೋ ಅಲ್ಲಿಗೆ ಹೋಯಿತು. ಯಾರಿಗೆ ಏನು ತೋರಿಸಬೇಕೆಂದು ರೀಲ್ಸಿನಲ್ಲಿ ನಿರ್ಧರಿಸುವುದು ಕಂಪನಿಯ ಲೆಕ್ಕಾಚಾರ. ಯಾವುದನ್ನು ಜನ ನಿಂತು ನೋಡುತ್ತಾರೆ, ಯಾವುದಕ್ಕೆ ಲೈಕ್ ಒತ್ತುತ್ತಾರೆ, ಯಾವುದನ್ನು ಮುಂದಕ್ಕೆ ಕಳಿಸುತ್ತಾರೆ ಎಂದು ಅದು ಎಣಿಸುತ್ತದೆ. ನಿಜವೋ ಸುಳ್ಳೋ, ಯಾರ ಮನಸ್ಸಿಗೆ ನೋವಾಯಿತೋ ಎಂಬುದು ಆ ಎಣಿಕೆಯಲ್ಲಿ ಇಲ್ಲ. ಸಿಟ್ಟು ಬರಿಸುವ ತುಂಡನ್ನು ಜನ ನಿಂತು ನೋಡುತ್ತಾರೆ, ಇದು ನಿಮಗೂ ಗೊತ್ತು ನಮಗೂ ಗೊತ್ತು.

ಆ ತಾಯಿಯ ಪ್ರಶ್ನೆಗೆ ಉತ್ತರ ಇಲ್ಲಿಂದ ಶುರುವಾಗುತ್ತದೆ. 2023ರ ಜೂನ್ ಮೊದಲ ವಾರ. ನಿಪ್ಪಾಣಿಯಿಂದ ಕೊಲ್ಹಾಪುರ ಎಷ್ಟು ದೂರ? ಬಸ್ಸಿಗೆ ಒಂದು ತಾಸು. ಮದುವೆಯ ಬಟ್ಟೆಗೆ, ಆಸ್ಪತ್ರೆಗೆ ನಾವೆಲ್ಲ ಅಲ್ಲಿಗೇ ಹೋಗುವವರು. ಅಲ್ಲಿ ಕೆಲವು ಹುಡುಗರು ಟಿಪ್ಪು ಸುಲ್ತಾನರ ಚಿತ್ರಕ್ಕೆ ಆಕ್ಷೇಪಾರ್ಹವಾದ ಆಡಿಯೊ ಸೇರಿಸಿ ಸ್ಟೇಟಸ್ ಹಾಕಿದ್ದಾರೆ ಎಂದು ದೂರು ಬಂತು. ಜೂನ್ 7ರಂದು ಸಂಘಟನೆಗಳು ಬಂದ್‌ಗೆ ಕರೆ ಕೊಟ್ಟವು. ಶಿವಾಜಿ ಚೌಕದಲ್ಲಿ ಜನ ಸೇರಿತು, ಕಲ್ಲು ಬಿದ್ದವು, ಪೊಲೀಸರು ಲಾಠಿ ಬೀಸಿದರು, ಇಂಟರ್ನೆಟ್ ನಿಲ್ಲಿಸಿದರು. ಹಾನಿಯಾದದ್ದು ಆ ಸ್ಟೇಟಸ್ಸನ್ನು ಕಣ್ಣಿನಿಂದಲೂ ಕಾಣದವರ ಅಂಗಡಿಗಳಿಗೆ, ಗಾಡಿಗಳಿಗೆ. ಚಿತ್ರ ಒಂದು, ದನಿ ಒಂದು, ಎರಡನ್ನೂ ಜೋಡಿಸಿದ ಬೆರಳು ಒಂದು. ತಾಯಿ, ನಿಮ್ಮ ಹುಡುಗ 'ಬರೇ ಹಾಡು' ಹಾಕುತ್ತಾನೆ ಎನ್ನುತ್ತೀರಿ. ಯಾವ ಚಿತ್ರದ ಮೇಲೆ, ಯಾವ ದಿನ, ಯಾರು ನೋಡಲಿ ಎಂದು ಹಾಕುತ್ತಾನೆ ಎಂಬುದನ್ನೂ ಕೇಳಿ.

ನಮ್ಮವರ ತಪ್ಪನ್ನೂ ಹೇಳೋಣ. ಅದಕ್ಕೂ ಒಂದು ವರ್ಷದ ಹಿಂದೆ, 2022ರ ಏಪ್ರಿಲ್ 16ರ ರಾತ್ರಿ ಹುಬ್ಬಳ್ಳಿಯಲ್ಲಿ ಆದದ್ದೂ ಸ್ಟೇಟಸ್‌ನಿಂದಲೇ. ಮಸೀದಿಯ ಮೇಲೆ ಧ್ವಜ ಕೂರಿಸಿದ ತಿದ್ದಿದ ಚಿತ್ರ. ಹಾಕಿದವನನ್ನು ಪೊಲೀಸರು ಹಿಡಿದಿದ್ದರು. ಆದರೂ ಹಳೇ ಹುಬ್ಬಳ್ಳಿ ಠಾಣೆಯ ಮುಂದೆ ಜನ ಸೇರಿ ಕಲ್ಲು ತೂರಿದರು. ಪೊಲೀಸರಿಗೆ ಗಾಯಗಳಾದವು. ನೂರಕ್ಕೂ ಹೆಚ್ಚು ಮಂದಿಯ ಬಂಧನವಾಯಿತು, ಬಹಳ ಮಂದಿ ತಿಂಗಳುಗಟ್ಟಲೆ ಜೈಲಿನಲ್ಲಿದ್ದರು. ಅವರ ಮನೆಗಳಲ್ಲಿ ದುಡಿಯುವ ಕೈ ಅದೊಂದೇ ಇದ್ದದ್ದು ಎಷ್ಟೋ. 24 ತಾಸಿಗೆ ಅಳಿದುಹೋಗಬೇಕಿದ್ದ ಚಿತ್ರ ಅದು.

ಮದರಸಾದಲ್ಲಿ ನಾವು ಹದೀಸ್ ಓದುವಾಗ ಎರಡು ಪದ ಕಲಿಸುತ್ತಾರೆ. ಒಂದು ಮತ್ನ್, ಅಂದರೆ ಹೇಳಿಕೆಯ ಪಠ್ಯ. ಇನ್ನೊಂದು ಸನದು, ಅಂದರೆ ಅದು ನಮ್ಮವರೆಗೆ ಬಂದ ಸರಪಳಿ: ಇಂಥವರು ಇಂಥವರಿಂದ ಕೇಳಿದರು, ಅವರು ಇಂಥವರಿಂದ ಕೇಳಿದರು. ನಮ್ಮ ಕಡೆ ಹಳೆಯ ಇನಾಮು ಜಮೀನಿನ ಕಾಗದಕ್ಕೂ ಸನದು ಎನ್ನುತ್ತಾರೆ, ಆದ್ದರಿಂದ ಪದ ಹೊಸದಲ್ಲ. ಇಮಾಂ ಬುಖಾರಿಯವರು (ಕ್ರಿ.ಶ. 810–870) ಊರಿಂದೂರಿಗೆ ತಿರುಗಿದ್ದು ಈ ಸರಪಳಿಯ ಒಂದೊಂದು ಕೊಂಡಿಯನ್ನು ಮುಟ್ಟಿ ನೋಡಲಿಕ್ಕೆ. ಹೇಳಿದವನ ನೆನಪು ಗಟ್ಟಿಯೇ, ಅವನು ಸುಳ್ಳು ಹೇಳುವವನೇ, ತಾನು ಕೇಳಿದೆ ಎನ್ನುವವನನ್ನು ನಿಜವಾಗಿ ಭೇಟಿಯಾಗಿದ್ದನೇ? ವರದಿಗಾರರ ಗುಣದೋಷ ತೂಗುವುದೇ ಒಂದು ಶಾಸ್ತ್ರವಾಗಿ ಬೆಳೆಯಿತು. ಮತ್ನ್ ಎಷ್ಟೇ ಸುಂದರವಾಗಿರಲಿ, ಸರಪಳಿಯಲ್ಲಿ ಒಂದು ಕೊಂಡಿ ಕಾಣೆಯಾಗಿದ್ದರೆ ಅದನ್ನು ಬೇರೆ ಇಡುತ್ತಿದ್ದರು.

ಈಗ ನಿಮ್ಮ ಫೋನು ತೆಗೆದು ಒಂದು ಫಾರ್ವರ್ಡ್ ನೋಡಿ. ಮತ್ನ್ ಇದೆ. ಸನದು ಎಲ್ಲಿ? ಒಂದು ಬಾಣದ ಗುರುತು, ಅಷ್ಟೇ. ಯಾರೋ, ಎಲ್ಲಿಂದಲೋ. ಕೊನೆಯ ನುಡಿ ಕತ್ತರಿಸಿದ ಹಾಡಿಗೂ ಇದಕ್ಕೂ ಏನು ವ್ಯತ್ಯಾಸ?

ಇದರಲ್ಲಿ ನಾವು ಮಾಡಿದ ತಪ್ಪೊಂದಿದೆ. 2018ರ ಬೇಸಿಗೆ ಮುಗಿಯುವ ಹೊತ್ತಿಗೆ ಒಂದು ವಾಯ್ಸ್ ಮೆಸೇಜ್ ತಿರುಗುತ್ತಿತ್ತು. ಗಾಬರಿಗೊಂಡ ಹೆಣ್ಣುಮಗಳ ದನಿ. ಮಕ್ಕಳ ಕಳ್ಳರು ಬಂದಿದ್ದಾರೆ, ಚಾದರ ಮಾರುವವರ ವೇಷದಲ್ಲಿದ್ದಾರೆ, ಬಾಗಿಲು ತೆರೆಯಬೇಡಿ ಎಂದು. ಹಿಂದೆ ಮಗು ಅಳುವ ಸದ್ದೂ ಇತ್ತು. ಮಗರಿಬ್ ಆದ ಮೇಲೆ ನಾವು ಅದನ್ನು ಕೇಳಿದೆವು. ನಮಗೂ ಮಕ್ಕಳಿದ್ದಾರೆ. ಮಸೀದಿಯ ಗ್ರೂಪಿಗೆ ಹಾಕಿದೆವು. ಕೇಳಿ, ಒತ್ತಿ, ಕಳಿಸುವುದಕ್ಕೆ ಒಂದು ನಿಮಿಷ ಹಿಡಿದಿರಲಿಕ್ಕಿಲ್ಲ.

ಮೂರನೆಯ ದಿನ ಹತ್ತಿರದ ಒಂದು ಹಳ್ಳಿಯಲ್ಲಿ ಸಂತೆಯ ಹೊತ್ತಿಗೆ ಚಾದರ ಮಾರುವ ಒಬ್ಬನನ್ನು ಜನ ಸುತ್ತುವರಿದರು. ಉತ್ತರಪ್ರದೇಶದವನು, ಕನ್ನಡವೂ ಬಾರದು, ಮರಾಠಿಯೂ ಬಾರದು. ಹಿಟ್ಟಿನ ಗಿರಣಿಯ ಒಬ್ಬ ಹಿರಿಯರು, ಲಿಂಗಾಯತರು, ಅವನನ್ನು ಗಿರಣಿಯೊಳಗೆ ಎಳೆದುಕೊಂಡು ಬಾಗಿಲು ಹಾಕಿ ಪೊಲೀಸರಿಗೆ ಫೋನು ಮಾಡಿದರು. ಅಂಗಿ ಹರಿದಿತ್ತು, ತುಟಿ ಒಡೆದಿತ್ತು, ಜೀವ ಉಳಿಯಿತು, ಅಲ್‌ಹಮ್ದುಲಿಲ್ಲಾಹ್. ಅವನು ನಮಾಝಿ ಎಂದು ತಿಳಿದು ಮಸೀದಿಗೆ ಕರೆತಂದರು. ಕರೆತಂದ ಹುಡುಗ ಹೇಳಿದ: ಜನ ಅವನನ್ನು ಹಿಡಿದಾಗ ಒಬ್ಬ ಫೋನು ತೋರಿಸಿ ಕೂಗುತ್ತಿದ್ದನಂತೆ, ಇದು ಸುಳ್ಳಲ್ಲ, ಮಸೀದಿ ಗ್ರೂಪಿನ್ಯಾಗ ಬಂದೈತಿ, ಮೌಲಾನಾನ ಹಾಕ್ಯಾರ.

ಸನದಿಲ್ಲದ ಸುದ್ದಿಗೆ ನಾವೇ ಸನದಾಗಿದ್ದೆವು. ಆ ರಾತ್ರಿ ಅವನು ನಮ್ಮ ಮನೆಯಲ್ಲೇ ಉಂಡ. ಅವನ ಎದುರು ಕೂತು ನಾವು ರೊಟ್ಟಿ ಮುರಿದೆವು, ಆದರೆ ಆ ಮೆಸೇಜ್ ಕಳಿಸಿದವರು ನಾವೇ ಎಂದು ಹೇಳಲು ಬಾಯಿ ಬರಲಿಲ್ಲ. ಮುಂದಿನ ಜುಮಾದಲ್ಲಿ ಮಿಂಬರ್ ಮೇಲೆ ನಿಂತು ಜಮಾಅತಿಗೆ ಹೇಳಿದೆವು. ಅವನಿಗೆ ಹೇಳಲಿಲ್ಲ. ಅಷ್ಟರಲ್ಲಿ ಅವನು ಊರು ಬಿಟ್ಟಿದ್ದ.

ನಮ್ಮ ಕಡೆ ಜೀವ ಉಳಿಯಿತು, ಬೇರೆಡೆ ಉಳಿಯಲಿಲ್ಲ. ಅದೇ ವರ್ಷ ಜುಲೈ 1ರಂದು ಧುಳೆ ಜಿಲ್ಲೆಯ ರಾಯಿನ್‌ಪಾಡಾದಲ್ಲಿ, ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ಕಡೆಯಿಂದ ಭಿಕ್ಷೆಗೆ ಹೋಗಿದ್ದ ಗೋಸಾವಿ ಸಮುದಾಯದ ಐದು ಮಂದಿಯನ್ನು ಮಕ್ಕಳ ಕಳ್ಳರೆಂದು ಜನ ಬಡಿದು ಕೊಂದರು. ಜುಲೈ 13ರಂದು ನಮ್ಮದೇ ರಾಜ್ಯದ ಬೀದರ್ ಜಿಲ್ಲೆ ಔರಾದ ತಾಲೂಕಿನಲ್ಲಿ, ಮಕ್ಕಳಿಗೆ ಚಾಕಲೇಟ್ ಕೊಟ್ಟರು ಎಂಬ ಕಾರಣಕ್ಕೆ ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಕಾರನ್ನು ಅಟ್ಟಿಸಿಕೊಂಡು ಹೋದರು. ಮುರ್ಕಿ ಗ್ರಾಮದಲ್ಲಿ ಒಬ್ಬ ಯುವ ಸಾಫ್ಟ್‌ವೇರ್ ಎಂಜಿನಿಯರ್ ಹೆಣವಾದ. ಸತ್ತವರ ಹೆಸರು ನೋಡಿ ಇದು ಯಾವ ಧರ್ಮದ ಕಷ್ಟ ಎಂದು ಹುಡುಕಬೇಡಿ. ರಾಯಿನ್‌ಪಾಡಾದಲ್ಲಿ ಸತ್ತವರು ಹಿಂದೂಗಳು, ಮುರ್ಕಿಯಲ್ಲಿ ಸತ್ತವನು ಮುಸ್ಲಿಂ. 2022ರ ಸೆಪ್ಟೆಂಬರಿನಲ್ಲಿ, ಅಥಣಿಗೆ ಅಂಟಿಕೊಂಡಿರುವ ಜತ್ತ ತಾಲೂಕಿನ ಲವಂಗಾ ಗ್ರಾಮದಲ್ಲಿ ವಿಜಯಪುರದಿಂದ ಪಂಢರಪುರಕ್ಕೆ ಹೊರಟಿದ್ದ ನಾಲ್ವರು ಸಾಧುಗಳು ಒಬ್ಬ ಹುಡುಗನ ಹತ್ತಿರ ದಾರಿ ಕೇಳಿದರು. ಅವರನ್ನೂ ಮಕ್ಕಳ ಕಳ್ಳರೆಂದು ಬಡಿದರು.

2018ರ ಆ ಸಾವುಗಳ ನಂತರ ವಾಟ್ಸ್ಆ್ಯಪ್ ಕೆಲವು ಕಡಿವಾಣ ಹಾಕಿತು. ಕಳಿಸಿದವನು ಸ್ವತಃ ಬರೆದದ್ದಲ್ಲ ಎಂದು ತೋರಿಸುವ ಫಾರ್ವರ್ಡ್ ಗುರುತು ಬಂದದ್ದು ಆ ಜುಲೈಯಲ್ಲೇ. ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡಬಹುದು ಎಂಬ ಮಿತಿಯನ್ನೂ ಆಗಲೇ ತಂದರು. 2020ರ ಏಪ್ರಿಲ್‌ನಲ್ಲಿ, ಬಹಳ ಕೈ ದಾಟಿ ಬಂದ ಮೆಸೇಜಿಗೆ ಜೋಡಿ ಬಾಣದ ಗುರುತಿದ್ದರೆ ಅದನ್ನು ಒಂದು ಸಲಕ್ಕೆ ಒಂದೇ ಕಡೆ ಕಳಿಸಬಹುದು ಎಂದು ಮಾಡಿದರು. ಜೋಡಿ ಬಾಣ ಕಂಡರೆ ಜನ 'ಎಲ್ಲರಿಗೂ ಬಂದೈತಿ, ಅಂದ ಮ್ಯಾಲೆ ಖರೇನ' ಎನ್ನುತ್ತಾರೆ. ಅದರ ಅರ್ಥ ತದ್ವಿರುದ್ಧ. ಇದರ ಮೂಲ ನಿಮಗೆ ಕಳಿಸಿದವನಿಗೂ ಗೊತ್ತಿರಲಿಕ್ಕಿಲ್ಲ ಎಂದು ಆ ಗುರುತು ಹೇಳುತ್ತದೆ. ಮೊದಲು ಕಳಿಸಿದವನು ಯಾರೆಂದು ಕಂಪನಿ ಹೇಳಲೇಬೇಕು ಎಂದು ಸರ್ಕಾರ 2021ರ ಫೆಬ್ರವರಿಯ ಐಟಿ ನಿಯಮಗಳಲ್ಲಿ ಬರೆಯಿತು. ಹಾಗೆ ಮಾಡಿದರೆ ಎಲ್ಲರ ಖಾಸಗಿ ಮಾತಿನ ಬೀಗ ಒಡೆಯಬೇಕಾಗುತ್ತದೆ ಎಂದು ವಾಟ್ಸ್ಆ್ಯಪ್ ದೆಹಲಿ ಹೈಕೋರ್ಟಿಗೆ ಹೋಯಿತು. ಸರ್ಕಾರ ಕೇಳುತ್ತಿರುವುದೂ ಸನದನ್ನೇ. ಆದರೆ ಗಂಡ ಹೆಂಡತಿಗೆ ಬರೆದದ್ದನ್ನೂ ಪೊಲೀಸರು ಓದಬಹುದಾದ ಬೀಗ ನಮಗೆ ಬೇಕೇ? ನಮಗಂತೂ ಬೇಡ ಅನಿಸುತ್ತದೆ.

ಸುದ್ದಿ ಬಂದರೆ ವಿಚಾರಿಸಿ ನೋಡಿ, ಇಲ್ಲವಾದರೆ ಅರಿಯದೆ ಒಂದು ಜನಾಂಗಕ್ಕೆ ಕೇಡು ಮಾಡಿ ಆಮೇಲೆ ಮರುಗುತ್ತೀರಿ ಎಂಬ ಅರ್ಥದ ಆಜ್ಞೆ ಸೂರಃ ಅಲ್ ಹುಜುರಾತಿನ ಆರನೆಯ ಆಯತಿನಲ್ಲಿದೆ. ಇದನ್ನು ಎಲ್ಲ ಖತೀಬರೂ ಹೇಳುತ್ತಾರೆ. ನಾವು ಈ ಸಲ ಸೂರಃ ಅನ್ನೂರನ್ನು ನೆನಪಿಸುತ್ತೇವೆ. ಪ್ರಯಾಣದಲ್ಲಿ ಹಾರ ಕಳೆದು, ಅದನ್ನು ಹುಡುಕುತ್ತ ಹಿಂದುಳಿದ ಹಝ್ರತ್ ಆಯಿಶಾ(ರ)ರ ಮೇಲೆ ಕಪಟಿಗಳು ಅಪವಾದ ಕಟ್ಟಿದರು. ಮದೀನಾದಲ್ಲಿ ಅದು ಒಂದು ತಿಂಗಳು ತಿರುಗಿತು. ಕಟ್ಟಿದವರು ಕಪಟಿಗಳು, ಆದರೆ ದಾಟಿಸಿದವರಲ್ಲಿ ಒಳ್ಳೆಯವರೂ ಇದ್ದರು. ಪ್ರವಾದಿವರ್ಯರ(ಸ) ಪರವಾಗಿ ಕವಿತೆ ಕಟ್ಟುತ್ತಿದ್ದ ಹಸ್ಸಾನ್ ಬಿನ್ ಸಾಬಿತ್(ರ) ಕೂಡ ಆ ಮಾತಿನಲ್ಲಿ ಸಿಕ್ಕಿಬಿದ್ದರು. ಆ ಸೂರಃದ ಹದಿನೈದನೆಯ ಆಯತು ದೂರುವುದು ನಾಲಿಗೆಯಿಂದ ನಾಲಿಗೆಗೆ ಅದನ್ನು ದಾಟಿಸಿದವರನ್ನು, ಅದನ್ನು ಹಗುರವೆಂದು ಬಗೆದವರನ್ನು. 'ನಾನು ಬರೆದಿಲ್ಲ, ಬರೇ ಫಾರ್ವರ್ಡ್ ಮಾಡಿದೆ' ಎಂಬ ನೆಪಕ್ಕೆ ಅಲ್ಲಿ ಜಾಗವಿಲ್ಲ. ಕೇಳಿದ್ದನ್ನೆಲ್ಲ ಹೇಳುತ್ತ ಹೋದರೆ ಮನುಷ್ಯ ಸುಳ್ಳುಗಾರನಾಗಲು ಅದೇ ಸಾಕು ಎಂಬ ಅರ್ಥದ ಹದೀಸನ್ನು ಇಮಾಂ ಮುಸ್ಲಿಂ ತಮ್ಮ ಗ್ರಂಥದ ಪೀಠಿಕೆಯಲ್ಲೇ ತಂದಿದ್ದಾರೆ.

ಆ ನೋವು ಹೇಗಿರುತ್ತದೆ ಎಂದು ನಮ್ಮ ಭಾಗಕ್ಕೆ ಗೊತ್ತು. 2020ರ ಏಪ್ರಿಲ್‌ನಲ್ಲಿ ರಾಯಬಾಗ ತಾಲೂಕಿನ ಕುಡಚಿಯಲ್ಲಿ ಕೊರೊನಾ ಕಾಣಿಸಿಕೊಂಡು ಊರು ಸೀಲ್ ಆಯಿತು. ರೋಗ ಬಂದವರಿಗೆ ಮದ್ದು ಬೇಕಿತ್ತು, ಬಂದದ್ದು ಫಾರ್ವರ್ಡುಗಳು. ಹಣ್ಣಿಗೆ ಉಗುಳು ಹಚ್ಚುತ್ತಾನೆ ಎಂದು ತಿರುಗಿದ ಒಂದು ವೀಡಿಯೊ ಮಧ್ಯಪ್ರದೇಶದ ರಾಯಸೇನಿನದು, ಅದೂ ಫೆಬ್ರವರಿಯದು, ಕೊರೊನಾಕ್ಕೆ ಸಂಬಂಧವೇ ಇಲ್ಲದ್ದು ಎಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ತಳ್ಳುಗಾಡಿಯವರ ಹೊಟ್ಟೆಯ ಮೇಲೆ ಪೆಟ್ಟು ಬಿದ್ದಾಗಿತ್ತು. ಯಾರೋ ಕೆಲವರ ತಪ್ಪಿಗೆ ಇಡೀ ಸಮುದಾಯವನ್ನು ದೂರಬೇಡಿ ಎಂದು ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಬಹಿರಂಗವಾಗಿ ಎಚ್ಚರಿಸಿದ್ದನ್ನು ನಾವು ಮರೆಯಬಾರದು. ಅದೇ ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ತಬ್ಲೀಗಿ ಜಮಾಅತಿನ ವಿದೇಶೀಯರ ಮೇಲಿನ ಪ್ರಕರಣಗಳನ್ನು ರದ್ದು ಮಾಡಿ, ಮಾಧ್ಯಮಗಳ ಪ್ರಚಾರವನ್ನು ಟೀಕಿಸಿತು. ತೀರ್ಪು ಬಂತು. ಫಾರ್ವರ್ಡು ಮುಟ್ಟಿದಷ್ಟು ಫೋನುಗಳಿಗೆ ತೀರ್ಪು ಮುಟ್ಟಲಿಲ್ಲ.

ಹಾಡಿಗೆ ಮರಳೋಣ. ಈ ಕೆಲವು ವರ್ಷಗಳಲ್ಲಿ ಮೀಲಾದ್ ಮೆರವಣಿಗೆಗೆ ಡಿಜೆ ಬಂದಿದೆ. ರೀಲ್ಸ್‌ಗೆ ಬೇಕಾದ ಪೆಟ್ಟು ಅದರಿಂದ ಸಿಗುತ್ತದೆ. ನಾತಿನ ಎರಡು ಸಾಲು, ಹಿಂದೆ ಡ್ರಮ್ಮಿನ ಜಾಗದಲ್ಲಿ ಅಲ್ಲಾಹನ ಹೆಸರನ್ನೇ ತಾಳದಂತೆ ಕುಟ್ಟುವುದು. ಇದನ್ನು ನಾವು ಯಾವ ನಾಜೂಕೂ ಇಲ್ಲದೆ ಹೇಳುತ್ತೇವೆ: ಇದು ಬೇಅದಬಿ. ನಾತ್ ಬರೆದ ಶಾಯರನ ಹೆಸರು ಮಕ್ತಾದಲ್ಲಿ, ಅಂದರೆ ಕೊನೆಯ ದ್ವಿಪದಿಯಲ್ಲಿ ಇರುತ್ತದೆ. ಡಿಜೆಯವನು ಅಲ್ಲಿಯತನಕ ಹೋಗುವುದೇ ಇಲ್ಲ. 2024ರ ಸೆಪ್ಟೆಂಬರಿನಲ್ಲಿ ಈ ವಿಷಯ ಬಾಂಬೆ ಹೈಕೋರ್ಟಿನ ಮುಂದೆ ಬಂದಾಗ, ಗಣೇಶ ಹಬ್ಬದಲ್ಲಿ ಈ ಸದ್ದು ಹಾನಿಕರವಾದರೆ ಈದ್ ಮೆರವಣಿಗೆಯಲ್ಲೂ ಹಾನಿಕರವೇ ಎಂದು ನ್ಯಾಯಮೂರ್ತಿಗಳು ಹೇಳಿದರು. ವಸತಿ ಪ್ರದೇಶಕ್ಕೆ ಕಾನೂನಿನ ಮಿತಿ ಹಗಲು 55 ಡೆಸಿಬಲ್, ರಾತ್ರಿ 45. ಹೃದಯದ ಕಾಯಿಲೆಯ ಮುದುಕರು ಯಾವ ಧರ್ಮದವರಾದರೂ ಗೋಡೆ ನಡುಗಿದಾಗ ಒಂದೇ ರೀತಿ ಎದೆ ಹಿಡಿದುಕೊಳ್ಳುತ್ತಾರೆ.

ನಮ್ಮ ಮಸೀದಿಯ ಗ್ರೂಪಿನಲ್ಲಿ ಈಗ ಫಾರ್ವರ್ಡ್ ಹಾಕುವಂತಿಲ್ಲ. ಹೇಳಬೇಕಾದದ್ದನ್ನು ತಾನೇ ಬರೆಯಬೇಕು, ಕೆಳಗೆ ಹೆಸರು ಹಾಕಬೇಕು, ಯಾರಿಂದ ತಿಳಿಯಿತು ಎಂದು ಹೇಳಬೇಕು. ಶುರುವಿನಲ್ಲಿ ಗ್ರೂಪು ಸತ್ತೇಹೋಯಿತು ಎಂದು ಹುಡುಗರು ನಕ್ಕರು. ನಿಜ, ದಿನಕ್ಕೆ ನೂರು ಬರುತ್ತಿದ್ದದ್ದು ನಾಲ್ಕಕ್ಕೆ ಇಳಿಯಿತು. ಆ ನಾಲ್ಕನ್ನು ಜನ ಓದುತ್ತಾರೆ. ಹುಡುಗರಿಗೆ ಕಾನೂನನ್ನೂ ತಿಳಿಸಿದ್ದೇವೆ. ಸಮುದಾಯಗಳ ನಡುವೆ ವೈರ ಬೆಳೆಸುವ ಅಪರಾಧಕ್ಕೆ ಹಿಂದೆ ಐಪಿಸಿ 153ಎ ಇತ್ತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಂ. ಮೂರು ವರ್ಷದವರೆಗೆ ಜೈಲು. ಕಲಂನಲ್ಲಿ ಇಲೆಕ್ಟ್ರಾನಿಕ್ ಸಂವಹನದ ಹೆಸರೇ ಇದೆ. ಸ್ಟೇಟಸ್ ತಾನಾಗಿ ಅಳಿದರೂ ಯಾರೋ ತೆಗೆದಿಟ್ಟುಕೊಂಡ ಸ್ಕ್ರೀನ್‌ಶಾಟ್ ಅಳಿಯುವುದಿಲ್ಲ.

ಪ್ರಶ್ನೆ ಕಳಿಸಿದ ಆ ತಾಯಿಯ ದೊಡ್ಡ ಮಗ ನಮ್ಮ ಹತ್ತಿರ ಬಂದಿದ್ದ. ಡಿಗ್ರಿ ಎರಡನೆಯ ವರ್ಷ, ವೀಡಿಯೊ ಎಡಿಟಿಂಗ್ ಚೆನ್ನಾಗಿ ಬರುತ್ತದೆ. ಬೈಯ್ಯುತ್ತಾರೆಂದು ತಲೆ ತಗ್ಗಿಸಿ ಕೂತಿದ್ದ. ನಾವು ಬೈಯಲಿಲ್ಲ, ಒಂದು ಕೆಲಸ ಕೊಟ್ಟೆವು. ಅಜ್ಜಿಯ ಊರಲ್ಲಿ ರಿವಾಯತ್ ಪದ ಹಾಡುವ ಮುದುಕರು ಒಬ್ಬರೇ ಉಳಿದಿದ್ದಾರೆ, ಕುರುಬರು, ಎಂಬತ್ತರ ಹತ್ತಿರ. ಇವನು ಸೈಕಲ್ ಮೋಟಾರಿನಲ್ಲಿ ಹೋಗಿ ಅವರನ್ನು ಬೇವಿನ ಕಟ್ಟೆಯ ಮೇಲೆ ಕೂರಿಸಿ ಹಾಡಿಸಿದ. ಪದ ಹದಿನಾಲ್ಕು ನಿಮಿಷದ್ದು. ನಡುವೆ ಎಮ್ಮೆ ಕೂಗಿದೆ, ಒಂದು ಕಡೆ ಮುದುಕರಿಗೆ ಕೆಮ್ಮು ಬಂದಿದೆ. ಕತ್ತರಿಸದೆ ಹಾಗೆಯೇ ಯೂಟ್ಯೂಬಿಗೆ ಹಾಕಿದ. ನಾವು ನೋಡಿದ ದಿನ ಮುನ್ನೂರು ಮಂದಿಯೂ ನೋಡಿರಲಿಲ್ಲ.

ಫೋನಿನಲ್ಲಿ ತಮ್ಮನ್ನು ತಾವು ನೋಡಿ ಮುದುಕರು ಸ್ವಲ್ಪ ಹೊತ್ತು ಸುಮ್ಮನಿದ್ದರಂತೆ. ಎಷ್ಟು ಮಂದಿ ನೋಡಿದರು ಎಂದು ಕೇಳಲಿಲ್ಲ. "ನಮ್ಮ ಗುರುವಿನ ಹೆಸರ ಬಂತೇನು?" ಎಂದು ಕೇಳಿದರು. ಹುಡುಗ ಬೆರಳಿನಿಂದ ಸರಿಸಿ, ಹದಿಮೂರನೆಯ ನಿಮಿಷಕ್ಕೆ ತಂದು, ಫೋನನ್ನು ಅವರ ಕಿವಿಗೆ ಹಿಡಿದ.